ತಜ್ಞರ ಉತ್ತರ: ಸತ್ಯವೇದ ಒಂದೇ ಕಥೆಯಾದರೆ ನಮ್ಮ ಶನಿವಾರದ ಸೇವೆ ಏನಾಗಬೇಕು?

ಪ್ರಶ್ನೆ: ಅಯ್ಯನವರೇ, ನಾನು ತುಮಕೂರಿನ ಒಂದು ಸಭೆಯಲ್ಲಿ ಸಂಡೇ ಸ್ಕೂಲ್ ಟೀಚರ್. ನಮ್ಮ ಯೌವನಸ್ಥರ ತಂಡ ಪ್ರತಿ ಶನಿವಾರ ಸುತ್ತಲಿನ ಹಳ್ಳಿಗಳಿಗೆ ಸುವಾರ್ತೆಗೆ ಹೋಗುತ್ತದೆ. ಕರಪತ್ರ ಕೊಡುತ್ತೇವೆ. ಮನುಷ್ಯ ಪಾಪಿ, ಯೇಸು ನಮಗಾಗಿ ಸತ್ತನು, ನಂಬಿದರೆ ಪರಲೋಕ ಎಂದು ಹೇಳಿ ಬರುತ್ತೇವೆ. ಈಚೆಗೆ ಒಂದು ತರಗತಿಯಲ್ಲಿ, ಸತ್ಯವೇದ ಆದಿಕಾಂಡದಿಂದ ಪ್ರಕಟನೆವರೆಗೆ ಒಂದೇ ಕಥೆ, ಹಾಗೆ ಓದಿದರೆ ನಮ್ಮ ಸೇವೆಯೇ ಬದಲಾಗುತ್ತದೆ ಎಂದರು. ಏನು ಬದಲಾಗುತ್ತದೆ ಎಂದು ನನಗೆ ತಿಳಿಯಲಿಲ್ಲ. ಹೋಗಿ ಎಲ್ಲ ಜನಾಂಗಗಳನ್ನೂ ಶಿಷ್ಯರನ್ನಾಗಿ ಮಾಡಿ ಎಂಬ ಮತ್ತಾಯ 28ರ ಆಜ್ಞೆ ಸಾಲದೇ? ಇನ್ನೊಂದು ಮಾತು. ಮಿಷನ್ನಿನವರ ಆಸ್ಪತ್ರೆ, ಹಾಸ್ಟೆಲ್ ಎಲ್ಲ ಜನರನ್ನು ಎಳೆಯುವ ಗಾಳವಾಗಿತ್ತು ಎಂದು ನಮ್ಮ ದೊಡ್ಡಪ್ಪ ಹೇಳುತ್ತಾರೆ. ಅದಕ್ಕೂ ಇದಕ್ಕೂ ಸಂಬಂಧ ಇದೆಯೇ?

ಉತ್ತರ: ಸಹೋದರಿ, ನಿಮ್ಮ ಮನೆಯ ಗೋಡೆಯಿಂದಲೇ ಶುರು ಮಾಡುತ್ತೇನೆ. ಡಿಸೆಂಬರ್ 31ರ ರಾತ್ರಿ ಆರಾಧನೆ ಮುಗಿದ ಮೇಲೆ, ಹೊಸ ವರ್ಷಕ್ಕೆಂದು ಸತ್ಯವೇದದ ಒಂದು ವಾಕ್ಯ ಅಚ್ಚಾದ ವಾಗ್ದಾನದ ಚೀಟಿ ಎತ್ತಿಕೊಂಡು ಬಂದು ಗೋಡೆಗೆ ಅಂಟಿಸುವುದು ನಮ್ಮ ಎಷ್ಟೋ ಸಭೆಗಳಲ್ಲಿ ರೂಢಿ. ಆ ಚೀಟಿಗಳ ರಾಶಿಯಲ್ಲಿ ಯೆರೆಮೀಯ 29:11 ಇಲ್ಲದ ವರ್ಷವನ್ನು ನಾನು ಕಂಡಿಲ್ಲ. ನಿಮ್ಮ ವಿಷಯವಾಗಿ ನನಗಿರುವುದು ಕೇಡಿನ ಯೋಚನೆಯಲ್ಲ, ಹಿತದ ಯೋಚನೆ, ನಿಮಗೆ ಮುಂದೆ ಒಳ್ಳೆಯ ಗತಿಯಿದೆ, ನಿರೀಕ್ಷೆಯಿದೆ ಎಂಬ ಅರ್ಥದ ಮಾತು ಅದು. ಮಗಳಿಗೆ ಸೀಟು ಸಿಗಬೇಕಾದವರು, ಸಾಲದಲ್ಲಿ ಸಿಕ್ಕಿಕೊಂಡವರು, ಮಕ್ಕಳಿಲ್ಲದವರು, ಎಲ್ಲರೂ ಅದನ್ನು ತಮ್ಮದೆಂದು ಎದೆಗೆ ಒತ್ತಿಕೊಳ್ಳುತ್ತಾರೆ. ಒತ್ತಿಕೊಳ್ಳಲಿ. ಆ ಒಂದು ವಾಕ್ಯದಿಂದಲೂ ದೇವರು ಜನರನ್ನು ಸಂತೈಸಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಆದರೆ ಆ ವಾಕ್ಯ ಇರುವುದು ಒಂದು ಪತ್ರದ ನಡುವೆ. ಕ್ರಿ.ಪೂ. 597ರಲ್ಲಿ ಬಾಬಿಲೋನಿನ ಅರಸ ನೆಬೂಕದ್ನೆಚ್ಚರನು ಯೆರೂಸಲೇಮಿನ ರಾಜನನ್ನೂ ಅಧಿಕಾರಿಗಳನ್ನೂ ಬಡಗಿ ಕಮ್ಮಾರರನ್ನೂ ಸೆರೆ ಒಯ್ದ. ಎರಡೇ ವರ್ಷ, ಆಮೇಲೆ ಎಲ್ಲರೂ ಊರಿಗೆ ವಾಪಸು ಎಂದು ಹನನ್ಯ ಎಂಬ ಪ್ರವಾದಿ ಸಾರುತ್ತಿದ್ದ. ಯೆರೆಮೀಯ ಹಾಗಲ್ಲ, 70 ವರ್ಷ ಎಂದು ಬರೆದ. ಅಲ್ಲೇ ಮನೆ ಕಟ್ಟಿ, ತೋಟ ಮಾಡಿ, ಮಕ್ಕಳ ಮದುವೆ ಮಾಡಿ, ನೀವು ಸೆರೆಯಾಗಿ ಹೋಗಿರುವ ಆ ಊರಿನ ಕ್ಷೇಮವನ್ನು ಹಾರೈಸಿ, ಅದಕ್ಕಾಗಿ ಪ್ರಾರ್ಥಿಸಿ, ಅದರ ಕ್ಷೇಮದಲ್ಲೇ ನಿಮ್ಮ ಕ್ಷೇಮ ಇದೆ ಎಂದ. ಇದು ಏಳನೆಯ ವಚನ. ಹನ್ನೊಂದನೆಯದು ಬರುವುದು ಇದಾದ ಮೇಲೆ. ಚೀಟಿ ಅಚ್ಚು ಮಾಡಿಸುವವರು ಏಳನ್ನು ಬಿಟ್ಟು ಹನ್ನೊಂದನ್ನು ಹಿಡಿದರು. ಅದರಿಂದ ಒಂದು ಊರಿನ ಕ್ಷೇಮಕ್ಕೆ ಅಂಟಿಕೊಂಡಿದ್ದ ವಾಗ್ದಾನ ನನ್ನ ಮನೆಯ ಮುಂದಿನ ಹನ್ನೆರಡು ತಿಂಗಳಿಗೆ ಕುಗ್ಗಿತು.

ಪತ್ರ ಇಡಿಯಾಗಿ ಓದಿದವರಿಗೆ ಮುಂದಿನ ಪ್ರಶ್ನೆ ತಾನಾಗಿ ಏಳುತ್ತದೆ. ಈ ಜನ ಬಾಬಿಲೋನಿಗೆ ಯಾಕೆ ಹೋದರು? ಒಡಂಬಡಿಕೆ ಮುರಿದದ್ದಕ್ಕೆ. ಯಾವ ಒಡಂಬಡಿಕೆ? ಸೀನಾಯಿ ಬೆಟ್ಟದಲ್ಲಿ ದೇವರು ಅವರೊಡನೆ ಮಾಡಿಕೊಂಡದ್ದು. ಸೀನಾಯಿಗೆ ಬಂದದ್ದು ಎಲ್ಲಿಂದ? ಐಗುಪ್ತದ ಬಿಟ್ಟಿ ದುಡಿಮೆಯಿಂದ. ದೇವರು ಅವರ ಕೂಗನ್ನು ಕೇಳಿದ್ದು ಯಾಕೆ? ಅಬ್ರಹಾಮನಿಗೆ ಕೊಟ್ಟ ಮಾತಿಗೆ. ಅಬ್ರಹಾಮನನ್ನು ಕರೆದದ್ದು ಯಾಕೆ? ಭೂಮಿಯ ಎಲ್ಲ ಕುಲಗಳಿಗೂ ಆಶೀರ್ವಾದ ಮುಟ್ಟಲಿ ಎಂದು. ಚೀಟಿಯ ಎಳೆ ಹಿಡಿದು ಎಳೆದರೆ ಇಡೀ ಸೀರೆಯೇ ಕೈಗೆ ಬರುತ್ತದೆ. ಒಂದೇ ಕಥೆಯಾಗಿ ಓದುವುದು ಎಂದರೆ ನನ್ನ ಲೆಕ್ಕದಲ್ಲಿ ಇಷ್ಟೇ.

ನೀವು ತುಮಕೂರು ಕಡೆಯವರು, ನಿಮಗೆ ಕುರುಕ್ಷೇತ್ರ ನಾಟಕ ಗೊತ್ತೇ ಇರುತ್ತದೆ. 1884ರಲ್ಲಿ ಗುಬ್ಬಿ ಕಂಪನಿ ಹುಟ್ಟಿದ ಸೀಮೆ ಇದು. ಇವತ್ತಿಗೂ ಹಳ್ಳಿಯ ಗಂಡಸರು ತಮ್ಮ ಕೈಯಿಂದಲೇ ದುಡ್ಡು ಹಾಕಿ ಪಾತ್ರ ಕಟ್ಟುತ್ತಾರೆ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಕಲಿಸುತ್ತಾರೆ, ಆಟ ಬೆಳಗಿನ ಜಾವದವರೆಗೆ ನಡೆಯುತ್ತದೆ. ನಡುರಾತ್ರಿ ಮೀರಿದ ಮೇಲೆ ಬಂದು ಕರ್ಣನ ಒಂದು ಕಂದಪದ್ಯ ಕೇಳಿ ಒನ್ಸ್ ಮೋರ್ ಕೂಗುವವರೂ ಇರುತ್ತಾರೆ. ರಾಗಕ್ಕೆ ಅವರ ಮೈ ಜುಮ್ಮೆನ್ನುವುದು ನಿಜವೇ. ಆದರೆ ಕುಂತಿ ಆ ಮಗುವನ್ನು ಹೊಳೆಯಲ್ಲಿ ಬಿಟ್ಟದ್ದು ಗೊತ್ತಿಲ್ಲದವನಿಗೆ ಆ ಪದ್ಯದ ನೋವು ಪೂರ್ತಿ ಸಿಗಲಾರದು.

ಮತ್ತಾಯ 28ಕ್ಕೂ ಇದೇ ಆಗಿದೆ ಎಂದು ನನ್ನ ಎಣಿಕೆ. ಆಜ್ಞೆ ಸಾಲದೇ ಎಂದು ಕೇಳಿದಿರಿ. ಆಜ್ಞೆ ಆಜ್ಞೆಯೇ, ಅದನ್ನು ಯಾರೂ ಚಿಕ್ಕದು ಮಾಡುವ ಹಾಗಿಲ್ಲ. ಅದು ಅಪೊಸ್ತಲರ ಕಾಲಕ್ಕೆ ಮುಗಿಯಿತು ಎಂದು ಸಭೆಗಳು ಸುಮ್ಮನಿದ್ದಾಗ ಇಲ್ಲ, ಇನ್ನೂ ಜಾರಿಯಲ್ಲಿದೆ ಎಂದು 1792ರಲ್ಲಿ ವಾದಿಸಿದ, ಆಮೇಲೆ ಬಂಗಾಳಕ್ಕೆ ಮಿಷನರಿಯಾಗಿ ಬಂದ ವಿಲಿಯಂ ಕೇರಿಯವರ ಋಣ ಭಾರತದ ಸಭೆಗಳ ಮೇಲಿದೆ. ಆದರೆ ಆ ವಾಕ್ಯದೊಳಗೇ 'ಆದ್ದರಿಂದ' ಎಂಬ ಪದ ಇದೆ, ಗಮನಿಸಿ. ಪರಲೋಕದಲ್ಲಿಯೂ ಭೂಮಿಯ ಮೇಲೂ ಎಲ್ಲ ಅಧಿಕಾರ ನನಗೆ ಕೊಡಲ್ಪಟ್ಟಿದೆ, ಆದ್ದರಿಂದ ಹೊರಟು ಹೋಗಿರಿ. 'ಆದ್ದರಿಂದ' ಹಿಂದಕ್ಕೆ ಕೈ ತೋರಿಸುವ ಪದ. ಅಧಿಕಾರ ಕೊಡಲ್ಪಟ್ಟಿದೆ ಎಂಬ ಮಾತಿನ ಹಿಂದೆ, ಮನುಷ್ಯಕುಮಾರನಂತಿರುವವನಿಗೆ ದೇವರು ದೊರೆತನ ಕೊಡುವ ದಾನಿಯೇಲನ ಏಳನೆಯ ಅಧ್ಯಾಯ ಇದೆ. ಎಲ್ಲ ಜನಾಂಗಗಳು ಎಂಬುದರ ಹಿಂದೆ ಆದಿಕಾಂಡ 12 ಇದೆ. ಮತ್ತಾಯನ ಮೊದಲ ವಚನವೇ ಯೇಸುವನ್ನು ದಾವೀದನ ಕುಮಾರ, ಅಬ್ರಹಾಮನ ಕುಮಾರ ಎಂದು ಕರೆಯುವುದು ಸುಮ್ಮನೆ ಅಲ್ಲ. ಅಬ್ರಹಾಮನಿಗೆ ಕೊಟ್ಟ ಮಾತು ಶಿಲುಬೆ ಮತ್ತು ಪುನರುತ್ಥಾನವನ್ನು ಹಾಯ್ದು ಈಗ ಊರೂರಿಗೆ ಹೊರಟಿದೆ, ನೀವೂ ಬನ್ನಿ ಎಂಬ ಕರೆ ಅದು. ಆ ವಾಕ್ಯವನ್ನು ಒಂಟಿಯಾಗಿ ಓದಿದರೆ ಸೇವೆ ಒಂದು ಟಾರ್ಗೆಟ್ ಆಗುತ್ತದೆ. ಈ ತಿಂಗಳು ಎಷ್ಟು ಹಳ್ಳಿ, ಎಷ್ಟು ಕರಪತ್ರ, ಎಷ್ಟು ಕೈ ಎತ್ತಿದರು ಎಂಬ ಲೆಕ್ಕ. ಕಥೆಯೊಳಗೆ ಇಟ್ಟು ಓದಿದರೆ ಮೊದಲು ಏಳುವ ಪ್ರಶ್ನೆ ಬೇರೆ. ನಾವು ಹೋಗುವ ಮುಂಚೆ ದೇವರು ಆ ಹಳ್ಳಿಯಲ್ಲಿ ಏನು ಮಾಡುತ್ತಾ ಬಂದಿದ್ದಾನೆ?

ಇದನ್ನು ನಾನು ಕಲಿತದ್ದು ಸೋತು. ಮೂವತ್ತು ವರ್ಷಕ್ಕೂ ಹಿಂದೆ ಮಧುಗಿರಿ ತಾಲ್ಲೂಕಿನ ಒಂದು ಹಳ್ಳಿಗೆ ನಿಮ್ಮಂತೆಯೇ ಕರಪತ್ರದ ಚೀಲ ಹೊತ್ತು ಹೋಗಿದ್ದೆ. ಶೇಂಗಾ ಕೈಕೊಟ್ಟ ವರ್ಷ ಅದು. ಒಬ್ಬ ಅಜ್ಜಿ ಜಗಲಿಯ ಮೇಲೆ ಮೊರ ಹಿಡಿದು ಕೂತಿದ್ದರು. ನಾನು ಪಾಪದಿಂದ ಶುರು ಮಾಡಿ ನಾಲ್ಕು ಅಂಶ ಒಪ್ಪಿಸಿದೆ. ಅವರು ತಾಳ್ಮೆಯಿಂದ ಕೇಳಿದರು. ಕೊನೆಗೆ, "ಎಲ್ಲಾ ಸರಿ ಸ್ವಾಮಿ, ಮಳೆ ಹೋಗಿ ಎರಡು ವರ್ಷ ಆಯ್ತು. ನಿಮ್ಮ ದೇವರಿಗೆ ಹೊಲದ ಸಮಾಚಾರ ಏನಾದ್ರೂ ಗೊತ್ತಾ?" ಎಂದರು. ನನ್ನಲ್ಲಿ ಉತ್ತರ ಇರಲಿಲ್ಲ. ಕೈಯಲ್ಲಿದ್ದ ಕರಪತ್ರ ಕೊಟ್ಟು ಎದ್ದು ಬಂದೆ. ಆ ಅಜ್ಜಿಗೆ ಓದಲು ಬರುತ್ತಿರಲಿಲ್ಲ.

ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನ್ನ ನಾಲ್ಕು ಅಂಶಗಳಲ್ಲಿ ಹೊಲವೇ ಇರಲಿಲ್ಲ, ಸತ್ಯವೇದದ ತುಂಬ ಹೊಲವೇ ಇದೆ. ಮನುಷ್ಯನಿಗೆ ಇಬ್ರಿಯ ಭಾಷೆಯ ಹೆಸರು ಆದಾಮ, ಮಣ್ಣಿಗೆ ಅದಾಮಾ. ಮಣ್ಣಿನಿಂದ ಬಂದವನನ್ನು ತೋಟದಲ್ಲಿ ಇಟ್ಟು ವ್ಯವಸಾಯ ಮಾಡು, ಕಾಪಾಡು ಎಂದದ್ದು ಅವನಿಗೆ ಸಿಕ್ಕ ಮೊದಲ ಕೆಲಸ. ಪಾಪ ಬಂದಾಗ ಪೆಟ್ಟು ಬಿದ್ದದ್ದು ಮನುಷ್ಯನ ಆತ್ಮಕ್ಕೆ ಮಾತ್ರ ಅಲ್ಲ. ನೆಲಕ್ಕೂ ಬಿತ್ತು, ಮುಳ್ಳು ಕಳೆ ಎದ್ದವು. ಕಾಯಿನನು ತಮ್ಮನನ್ನು ಕೊಂದಾಗ ರಕ್ತ ಕೂಗಿದ್ದು ನೆಲದೊಳಗಿಂದ. ಇಸ್ರಾಯೇಲಿಗೆ ನೆಲ ಕೊಟ್ಟಾಗ ಏಳು ವರ್ಷಕ್ಕೊಮ್ಮೆ ಅದಕ್ಕೂ ಬಿಡುವು ಕೊಡಿ ಎಂದು ನೇಮ. ಸೃಷ್ಟಿಯೆಲ್ಲ ಪ್ರಸವವೇದನೆಯಲ್ಲಿ ನರಳುತ್ತಾ ಬಿಡುಗಡೆಗೆ ಕಾಯುತ್ತಿದೆ ಎಂದು ಪೌಲನು ರೋಮಾಪುರದವರಿಗೆ ಬರೆದ. ಕೊನೆಯ ಪುಟದಲ್ಲಿ ನದಿ, ನದಿಯ ದಡದಲ್ಲಿ ತಿಂಗಳು ತಿಂಗಳು ಫಲ ಕೊಡುವ ಮರ, ಜನಾಂಗಗಳನ್ನು ವಾಸಿಮಾಡುವ ಅದರ ಎಲೆಗಳು. ಹೊಲದ ಸಮಾಚಾರ ಗೊತ್ತಾ ಎಂದು ಕೇಳಿದ ಅಜ್ಜಿಗೆ ಆದಿಯಿಂದ ಅಂತ್ಯದವರೆಗೆ ಉತ್ತರ ಇತ್ತು. ನನಗೆ ಅದನ್ನು ಯಾರೂ ಜೋಡಿಸಿ ಕಲಿಸಿರಲಿಲ್ಲ, ನಾನೂ ಕಲಿತಿರಲಿಲ್ಲ.

ಆಮೇಲೆ ಅಪೊಸ್ತಲರ ಕೃತ್ಯಗಳನ್ನು ಬೇರೆ ಕಣ್ಣಿನಿಂದ ಓದಿದೆ. ಪಿಸಿದ್ಯದ ಅಂತಿಯೋಕ್ಯದ ಸಭಾಮಂದಿರದಲ್ಲಿ ಯೆಹೂದ್ಯರ ಮುಂದೆ ನಿಂತ ಪೌಲ ಐಗುಪ್ತದಿಂದ ಶುರು ಮಾಡುತ್ತಾನೆ. ನ್ಯಾಯಸ್ಥಾಪಕರು, ಸಮುವೇಲ, ಸೌಲ, ದಾವೀದ, ಅಲ್ಲಿಂದ ಯೇಸು. ಅದೇ ಪ್ರಯಾಣದಲ್ಲಿ ಮುಂದೆ ಲುಸ್ತ್ರಕ್ಕೆ ಬಂದಾಗ ಅಲ್ಲಿಯವರು ತಮ್ಮ ಲುಕವೋನ್ಯ ಭಾಷೆಯಲ್ಲಿ ಕೂಗುತ್ತಾರೆ, ಪೌಲನನ್ನೂ ಜೊತೆಗಾರ ಬಾರ್ನಬನನ್ನೂ ದೇವರುಗಳೆಂದು ತಿಳಿದು ಹೋರಿ ಹೂಮಾಲೆ ತಂದು ಅವರಿಗೇ ಬಲಿ ಕೊಡಲು ಹೊರಡುತ್ತಾರೆ. (ಪಾವಗಡದ ಹಳ್ಳಿಗಳಲ್ಲಿ ಮನೆಮಾತು ತೆಲುಗು ಆಗಿರುವಾಗ ನಾವು ಪುಸ್ತಕದ ಕನ್ನಡದಲ್ಲಿ ಪ್ರಸಂಗ ಮಾಡುವುದು ನೆನಪಾಗುತ್ತದೆ.) ಲುಸ್ತ್ರದಲ್ಲಿ ಪೌಲ ದಾವೀದನ ಹೆಸರನ್ನೇ ಎತ್ತುವುದಿಲ್ಲ. ಆಕಾಶದಿಂದ ಮಳೆ ಸುರಿಸಿ, ಬೆಳೆ ಕೊಟ್ಟು, ನಿಮ್ಮ ಹೊಟ್ಟೆಯನ್ನೂ ಮನಸ್ಸನ್ನೂ ತಣಿಸುತ್ತಾ ಬಂದವನು ತನಗೆ ಸಾಕ್ಷಿ ಇಲ್ಲದ ಹಾಗೆ ಮಾಡಿಲ್ಲ ಎನ್ನುತ್ತಾನೆ. ಅಥೇನೆಯಲ್ಲಿ ಇನ್ನೊಂದು ಬಾಗಿಲು: ಎಲ್ಲ ಜನಾಂಗಗಳನ್ನೂ ಒಬ್ಬನಿಂದಲೇ ಹುಟ್ಟಿಸಿದ ದೇವರು. ಮೂರೂ ಕಡೆ ಕಥೆ ಒಂದೇ, ಒಳಗೆ ಕಾಲಿಡುವ ಬಾಗಿಲು ಬೇರೆ. ಇಡೀ ಮನೆಯನ್ನು ಬಲ್ಲವನಿಗೆ ಮಾತ್ರ ಯಾವ ಬಾಗಿಲು ಹತ್ತಿರ ಎಂದು ತಿಳಿಯುತ್ತದೆ. ನಾನು ಒಂದೇ ಬಾಗಿಲು ಕಲಿತು, ಅದರ ಮುಂದೆ ಎಲ್ಲರನ್ನೂ ಸಾಲಾಗಿ ನಿಲ್ಲಿಸುತ್ತಿದ್ದೆ.

ನಮ್ಮ ಹೊರಗಿನವರೇ ಇದನ್ನು ನಮಗೆ ಹೇಳಿದ್ದೂ ಉಂಟು. 1947ರಲ್ಲಿ ದಕ್ಷಿಣ ಭಾರತ ಸಭೆ (ಸಿ.ಎಸ್.ಐ.) ಹುಟ್ಟಿದಾಗ ಮದುರೆ-ರಾಮನಾಡಿನ ಬಿಷಪ್ ಆದ ಲೆಸ್ಲಿ ನ್ಯೂಬಿಗಿನ್ ಅವರಿಗೆ ಚತುರ್ವೇದಿ ಬದರಿನಾಥ್ ಎಂಬ ಹಿಂದೂ ವಿದ್ವಾಂಸ ಮಿತ್ರರಿದ್ದರು. ನೀವು ಮಿಷನರಿಗಳು ಬೈಬಲನ್ನು ಇನ್ನೊಂದು ಧರ್ಮಗ್ರಂಥ ಎಂದು ನಮ್ಮ ಮುಂದೆ ಇಡುತ್ತೀರಿ, ಧರ್ಮಗ್ರಂಥಗಳು ನಮ್ಮಲ್ಲೇ ಬೇಕಾದಷ್ಟಿವೆ, ನನಗೆ ಇದರಲ್ಲಿ ಕಾಣುವುದು ಬೇರೆಯೇ, ಇಡೀ ಜಗತ್ತಿನ ಚರಿತ್ರೆಗೂ ಅದರಲ್ಲಿ ಹೊಣೆಗಾರನಾದ ಮನುಷ್ಯನಿಗೂ ಅರ್ಥ ಹೇಳುವ ಕಥೆ ಎಂಬ ಅರ್ಥದಲ್ಲಿ ಅವರು ಹೇಳಿದರಂತೆ. ನ್ಯೂಬಿಗಿನ್ ಇದನ್ನು ಮತ್ತೆ ಮತ್ತೆ ನೆನೆಯುತ್ತಿದ್ದರು. ಆ ಮಾತು ನಮಗೆ ತಾಗಲೇಬೇಕು. ಪರಲೋಕಕ್ಕೆ ದಾರಿ ಹೇಳುವ ಸೂತ್ರಗಳ ಪುಸ್ತಕ ಎಂದು ನಾವು ತೋರಿಸುತ್ತಿದ್ದುದರಲ್ಲಿ ಒಬ್ಬ ಓದುಗರು ತಾವಾಗಿ ಕಥೆಯನ್ನು ಕಂಡುಕೊಂಡಿದ್ದರು.

ಕನ್ನಡಿಗರ ಕೈಗೆ ಕಥೆ ಸಿಕ್ಕಿದ್ದೂ ಹಿಂದುಮುಂದಾಗಿಯೇ. ಬಳ್ಳಾರಿಯಲ್ಲಿದ್ದ ಜಾನ್ ಹ್ಯಾಂಡ್ಸ್ ಅವರ ಅನುವಾದದಲ್ಲಿ ಹೊಸ ಒಡಂಬಡಿಕೆ 1820ರ ದಶಕದಲ್ಲಿ ಮೊದಲು ಬಂತು, ಇಡೀ ಗ್ರಂಥ ಮುಗಿದದ್ದು 1830ರ ದಶಕದ ಆರಂಭಕ್ಕೆ. ಥಾಮಸ್ ಹಾಡ್ಸನ್ 1837ರಲ್ಲಿ ಗುಬ್ಬಿಗೆ ಬಂದು ವೆಸ್ಲಿಯನ್ ಮಿಷನ್ನಿನ ಕನ್ನಡ ಕೆಲಸ ಶುರು ಮಾಡುವಾಗ ಪೂರ್ತಿ ಸತ್ಯವೇದ ಕನ್ನಡದಲ್ಲಿ ಇತ್ತು. ಆದರೂ ಸಂತೆಯಲ್ಲಿ, ಜಾತ್ರೆಯಲ್ಲಿ ಹಂಚಲು ಆಗುವುದು ಒಂದೊಂದು ಸುವಾರ್ತೆಯ ಸಣ್ಣ ಪುಸ್ತಕ, ಕರಪತ್ರ. ಆ ಅಭ್ಯಾಸವೇ ನಮ್ಮ ಬೋಧನೆಗೂ ಬಂತು. ಹಳೆ ಒಡಂಬಡಿಕೆ ಮಕ್ಕಳಿಗೆ ಹೇಳುವ ಬಿಡಿಬಿಡಿ ಕಥೆಗಳ ಗಂಟಾಗಿ ಉಳಿಯಿತು: ನೋಹನ ನಾವೆ, ದಾವೀದನ ಕವಣೆ, ಸಿಂಹದ ಗವಿ.

ಈಗ ನಿಮ್ಮ ಹಳ್ಳಿಗಳಿಗೆ ಬರೋಣ. ರೂತಳ ಪುಸ್ತಕವನ್ನು ಅತ್ತೆ ಸೊಸೆಯ ಪ್ರೀತಿಗೆ ಮಾದರಿ ಎಂದು ಮದುವೆಗಳಲ್ಲಿ ಓದುತ್ತೇವೆ. ಸರಿಯೇ. ಆದರೆ ಅವಳು ಬೋವಜನ ಹೊಲದಲ್ಲಿ ಮಾಡುತ್ತಿದ್ದುದೇನು? ಹಕ್ಕಲು ಆಯುತ್ತಿದ್ದಳು. ಈ ಪದವನ್ನು ನಿಮ್ಮ ಸಂಡೇ ಸ್ಕೂಲಿನ ಮಕ್ಕಳಿಗೆ ವಿವರಿಸಬೇಕಾಗಬಹುದು, ಅವರ ಅಜ್ಜಿಯರಿಗೆ ಬೇಕಾಗದು. ಕೊಯ್ಲಾದ ಮೇಲೆ ಹೊಲದಲ್ಲಿ ಉಳಿದ ತೆನೆ, ಕಾಯಿ ಆಯ್ದುಕೊಳ್ಳುವುದು ಇಲ್ಲದವರ ಬದುಕಾಗಿತ್ತು. ಯಾಜಕಕಾಂಡ 19ರಲ್ಲಿ ದೇವರು ಅದನ್ನು ದಾನ ಎಂದು ಕರೆಯುವುದಿಲ್ಲ, ಹೊಲದ ಮೂಲೆ ಕೊಯ್ಯಬೇಡಿ, ಉದುರಿದ್ದನ್ನು ಹೆಕ್ಕಬೇಡಿ, ಅದು ಬಡವರಿಗೂ ಪರದೇಶದವರಿಗೂ ಸೇರಿದ್ದು ಎಂದು ಕಟ್ಟಳೆ ಮಾಡುತ್ತಾನೆ. ಕಾರಣವನ್ನೂ ಇನ್ನೊಂದು ಕಡೆ ಹೇಳುತ್ತಾನೆ, ನೀವು ಐಗುಪ್ತದಲ್ಲಿ ದಾಸರಾಗಿದ್ದದ್ದು ನೆನಪಿರಲಿ. ಆ ಕಟ್ಟಳೆ ಒಬ್ಬ ಹೊಲದ ಯಜಮಾನನ ಮನಸ್ಸಿನಲ್ಲಿ ಜೀವಂತ ಇದ್ದುದರಿಂದ ಮೋವಾಬಿನ ವಿಧವೆಯೊಬ್ಬಳಿಗೆ ಊಟ ಸಿಕ್ಕಿತು, ಮನೆ ಸಿಕ್ಕಿತು. ಅವಳ ಮರಿಮೊಮ್ಮಗ ದಾವೀದ. ಮತ್ತಾಯನ ಮೊದಲ ಅಧ್ಯಾಯದ ವಂಶಾವಳಿಯಲ್ಲಿ ಅವಳ ಹೆಸರಿದೆ. ಹೊಲದ ಮೂಲೆಯಲ್ಲಿ ಬಿಟ್ಟ ತೆನೆಗೂ ಲೋಕರಕ್ಷಕನ ಬರವಿಗೂ ನಂಟಿದೆ ಎಂದರೆ ಯಾವುದು ಸಮಾಜ ಸೇವೆ, ಯಾವುದು ಆತ್ಮಿಕ ಸೇವೆ ಎಂದು ಗೆರೆ ಎಳೆಯುವುದು ಎಲ್ಲಿ?

ಪಾವಗಡದ ತಿರುಮಣಿ ಸುತ್ತ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಆಗಿದೆ, 2,050 ಮೆಗಾವ್ಯಾಟ್. ಭೂಮಿಯನ್ನು ಕೊಂಡದ್ದಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆ ಪಡೆದದ್ದು. ಮಳೆ ನಂಬಿ ಕೈಸುಟ್ಟುಕೊಂಡಿದ್ದ ರೈತರಿಗೆ ಅದು ದೊಡ್ಡ ಆಸರೆಯಾಯಿತು, ಅದನ್ನು ಅಲ್ಲಗಳೆಯಲಾರೆ. ಆದರೆ ಗುತ್ತಿಗೆ ಹಣ ಬರುವುದು ಪಹಣಿಯಲ್ಲಿ ಹೆಸರು ಇರುವವರಿಗೆ. ಅದೇ ಹೊಲಗಳಲ್ಲಿ ಕಳೆ ಕಿತ್ತು, ಶೇಂಗಾ ಬಿಡಿಸಿ, ದನ ಕುರಿ ಮೇಯಿಸಿ ಬದುಕುತ್ತಿದ್ದ ಭೂಮಿಯಿಲ್ಲದವರಿಗೆ ಹೊಲದ ಮೂಲೆ ಉಳಿಯಲಿಲ್ಲ. ಅಂಥ ಊರಿಗೆ ಸುವಾರ್ತೆ ಹಿಡಿದು ಹೋಗುವವರು ಯಾಜಕಕಾಂಡವನ್ನೂ ರೂತಳನ್ನೂ ಓದಿದ್ದರೆ ಕೂಲಿ ಸಿಗುತ್ತಿದೆಯೇ, ಗುಳೆ ಹೋದವರು ಎಷ್ಟು ಮನೆ, ಉದ್ಯೋಗ ಖಾತ್ರಿಯ ಕೆಲಸ ನಡೆಯುತ್ತಿದೆಯೇ ಎಂದು ಕೇಳದೆ ಬರಲಾರರು. ಕೇಳಿ, ಅರ್ಜಿ ಬರೆದುಕೊಡಲು ನೆರವಾದರೆ ಅದೂ ಸೇವೆಯೇ, ಪ್ರಸಂಗಕ್ಕೆ ಪೀಠಿಕೆ ಎಂದು ತಿಳಿಯಬೇಡಿ.

ಇಲ್ಲಿಗೆ ನಿಮ್ಮ ದೊಡ್ಡಪ್ಪನವರ ಮಾತು ಬರುತ್ತದೆ. ಅವರನ್ನು ತಳ್ಳಿಹಾಕಬೇಡಿ. ಕೋಲಾರದಲ್ಲಿ ಮೆಥಡಿಸ್ಟ್ ಮಿಷನ್ನಿನವರ ಇ.ಟಿ.ಸಿ.ಎಂ. ಆಸ್ಪತ್ರೆ, ಚಿಕ್ಕಬಳ್ಳಾಪುರದಲ್ಲಿ ಲಂಡನ್ ಮಿಷನ್ನಿನವರು ಕಟ್ಟಿದ ಇಂದಿನ ಸಿ.ಎಸ್.ಐ. ಆಸ್ಪತ್ರೆ, ಇವು ಬದುಕಿಸಿದ ತಾಯಂದಿರು, ಮಕ್ಕಳು ನಿಮ್ಮ ತುಮಕೂರೂ ಸೇರಿ ಈ ಮೂರೂ ಜಿಲ್ಲೆಗಳಲ್ಲಿ ಇದ್ದಾರೆ, ಹೆಚ್ಚಿನವರು ಕ್ರೈಸ್ತರಲ್ಲ. ಆದರೆ ಚಿಕಿತ್ಸೆಯನ್ನು ಪ್ರಸಂಗಕ್ಕೆ ತೆರೆದ ಬಾಗಿಲು ಎಂದೇ ಬಣ್ಣಿಸಿ ಬರೆದ ಮಿಷನರಿಗಳೂ ಆ ಕಾಲದಲ್ಲಿ ಇದ್ದರು. ಒಂದು ವಚನದಿಂದ ಮಾತ್ರ ಸೇವೆಯನ್ನು ಕಟ್ಟಿದರೆ ಹೀಗೇ ಆಗುತ್ತದೆ. ವಾಸಿಮಾಡುವುದಕ್ಕೆ ತನ್ನದೇ ಬೆಲೆ ಇಲ್ಲದಾಗಿ ಅದು ಏನನ್ನೋ ತರುವ ಸಾಧನ ಆಗುತ್ತದೆ. ಲೂಕ 17ರಲ್ಲಿ ಯೇಸು ಹತ್ತು ಮಂದಿ ಕುಷ್ಠರೋಗಿಗಳನ್ನು ವಾಸಿಮಾಡಿದ. ತಿರುಗಿ ಬಂದವನು ಒಬ್ಬ, ಅವನೂ ಸಮಾರ್ಯದವನು. ಮಿಕ್ಕ ಒಂಬತ್ತು ಮಂದಿ ಎಲ್ಲಿ ಎಂದು ಯೇಸು ನೊಂದು ಕೇಳಿದ್ದು ನಿಜ, ಆದರೆ ಆ ಒಂಬತ್ತು ಮಂದಿಯ ಮೈಗೆ ರೋಗ ವಾಪಸು ಬರಲಿಲ್ಲ. ಯೋಹಾನ 6ರಲ್ಲಿ ರೊಟ್ಟಿ ತಿಂದ ಜನ ತನ್ನನ್ನು ಅರಸನನ್ನಾಗಿ ಮಾಡಲು ಬಂದಾಗ ಅವನು ಒಬ್ಬನೇ ಬೆಟ್ಟಕ್ಕೆ ಹೋದ. ಅನ್ನ ಹಾಕಿ ಜನ ಕೊಳ್ಳುವ ದೇವರು ಈ ಕಥೆಯಲ್ಲಿ ಎಲ್ಲೂ ಇಲ್ಲ. ಆದ್ದರಿಂದ ಸಭೆಯ ಶಾಲೆ, ಆಸ್ಪತ್ರೆ, ಅಕ್ಕಿ ಚೀಲ ಯಾವುದಕ್ಕೂ ಕೊಕ್ಕೆ ಇರಬಾರದು. ಕಾನೂನಿನ ಹೆದರಿಕೆಯಿಂದ ಈ ಮಾತು ಹೇಳುತ್ತಿಲ್ಲ. ಕೊಕ್ಕೆ ಇಟ್ಟವರು ತಾವು ಸಾರುವ ದೇವರ ಬಗ್ಗೆಯೇ ಸುಳ್ಳು ಹೇಳುತ್ತಾರೆ.

ಊರಿನ ಕ್ಷೇಮಕ್ಕೆ ದುಡಿಯುವವರು ನಾವೊಬ್ಬರೇ ಅಲ್ಲ ಎಂಬುದನ್ನೂ ಸಂತೋಷದಿಂದ ಒಪ್ಪಿಕೊಳ್ಳಬೇಕು. ಸಿದ್ಧಗಂಗಾ ಮಠದಲ್ಲಿ ಜಾತಿ ಮತ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ ಸಿಗುತ್ತಿರುವುದನ್ನು ನೋಡಿದ ತುಮಕೂರಿನ ಕ್ರೈಸ್ತರು ದೇವರಿಗೆ ಸ್ತೋತ್ರ ಹೇಳಲಿ. ಮಳೆ ಸುರಿಸಿ ತನಗೆ ಸಾಕ್ಷಿ ಉಳಿಸಿಕೊಂಡ ದೇವರು ಇಂಥ ದಯೆಯಲ್ಲೂ ಸಾಕ್ಷಿ ಉಳಿಸಿಕೊಂಡಿದ್ದಾನೆ ಎಂದು ನಾನು ನಂಬುತ್ತೇನೆ.

ಹಾಗಾದರೆ ಯೇಸುವಿನ ಹೆಸರೇ ಹಿಂದೆ ಸರಿಯುವುದಿಲ್ಲವೇ ಎಂದು ನಿಮ್ಮ ತಂಡದಲ್ಲಿ ಯಾರಾದರೂ ಕೇಳುತ್ತಾರೆ. ಕೇಳಲೇಬೇಕಾದ ಮಾತು. ಕೆಲವು ಕಡೆ ಹಾಗೆ ಆಗಿಯೂ ಇದೆ, ಎಲ್ಲ ಸೇವೆಯೂ ಉಳಿದು ಹೇಳುವ ಮಾತೇ ಉಳಿಯಲಿಲ್ಲ. ಆದರೆ ಅದು ಕಥೆಯನ್ನು ಇಡಿಯಾಗಿ ಓದಿದ್ದರಿಂದ ಆದದ್ದಲ್ಲ, ನಡುವನ್ನೇ ಬಿಟ್ಟು ಓದಿದ್ದರಿಂದ. ಎಮ್ಮಾಹುವಿನ ದಾರಿಯಲ್ಲಿ ಇಬ್ಬರು ಶಿಷ್ಯರ ಜೊತೆ ನಡೆದ ಯೇಸು ಮೋಶೆಯಿಂದ ಶುರು ಮಾಡಿ ಎಲ್ಲ ಪ್ರವಾದಿಗಳವರೆಗೆ ತನ್ನ ವಿಷಯವನ್ನು ವಿವರಿಸಿದ. ಅದೇ ಅಧ್ಯಾಯದ ಕೊನೆಗೆ, ಕ್ರಿಸ್ತನು ಬಾಧೆಪಟ್ಟು ಮೂರನೆಯ ದಿನ ಎದ್ದು ಬರಬೇಕು, ಅವನ ಹೆಸರಿನಲ್ಲಿ ಪಾಪಕ್ಷಮೆ ಎಲ್ಲ ಜನಾಂಗಗಳಿಗೂ ಸಾರಲ್ಪಡಬೇಕು ಎಂದು ಒಂದೇ ಉಸಿರಿನಲ್ಲಿ ಹೇಳಿದ. ಶಿಲುಬೆ ಇಲ್ಲದೆ ಈ ಕಥೆ ಮುಂದಕ್ಕೆ ಹೋಗುವುದೇ ಇಲ್ಲ. ನೆಲಕ್ಕೆ ಬಿದ್ದ ಶಾಪ, ಕಾಯಿನನ ಕೈಯ ರಕ್ತ, ಐಗುಪ್ತದ ಚಾವಟಿ, ಬಾಬಿಲೋನಿನ ಸೆರೆ ಎಲ್ಲವೂ ಬಂದು ಸೇರುವುದು ಅಲ್ಲಿ. ಪಾಪ ಎಂಬ ಪದವನ್ನು ಬಿಡಬೇಡಿ, ಅದನ್ನು ಅದರ ಪೂರ್ತಿ ಗಾತ್ರದಲ್ಲಿ ಹೇಳಿ.

'ನಂಬಿದರೆ ಪರಲೋಕ' ಎಂಬ ಮಾತನ್ನು ಮಾತ್ರ ತಿದ್ದಿಕೊಳ್ಳಿ. ಪ್ರಕಟನೆ 21ರಲ್ಲಿ ನಾವು ಮೇಲಕ್ಕೆ ಹಾರುವ ಚಿತ್ರ ಇಲ್ಲ, ಪಟ್ಟಣ ಕೆಳಕ್ಕೆ ಇಳಿದು ಬರುತ್ತದೆ, ದೇವರು ಮನುಷ್ಯರ ನಡುವೆ ಬಿಡಾರ ಮಾಡುತ್ತಾನೆ. ಜನಾಂಗಗಳ ವೈಭವವನ್ನೂ ಗೌರವವನ್ನೂ ಅದರೊಳಗೆ ತರುತ್ತಾರೆ. ಕಥೆಯ ಕೊನೆ ಹೀಗಿದ್ದರೆ ಒಬ್ಬ ಮನುಷ್ಯ ಯೇಸುವನ್ನು ಹಿಂಬಾಲಿಸಲು ತನ್ನ ಭಾಷೆ, ಹಾಡು, ಊರ ಬಾಂಧವ್ಯ ಕಳಚಿ ಬರಬೇಕಾಗಿಲ್ಲ. 1894ರ ನಿಘಂಟಿನ ಕಿಟ್ಟೆಲ್ ಅದಕ್ಕೂ ಎಷ್ಟೋ ಮುಂಚೆ, 1862ರಲ್ಲಿ, ಯೇಸುವಿನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲಿ 'ಕಥಾಮಾಲೆ' ಎಂದು ಕಟ್ಟಿದ್ದು ನನಗೆ ಬಹಳ ಪ್ರಿಯವಾದ ಸಂಗತಿ. ಆ ಜರ್ಮನ್ ಮನುಷ್ಯನಿಗೆ ಕನ್ನಡಿಗರು ಕಥೆ ಕೇಳುವ ಬಗೆ ಅರ್ಥವಾಗಿತ್ತು.

ಒಂದು ಎಚ್ಚರಿಕೆಯನ್ನು ಹೇಳದಿದ್ದರೆ ತಪ್ಪಾಗುತ್ತದೆ. ಒಂದೇ ಕಥೆ ಎಂದವರೆಲ್ಲ ಒಳ್ಳೆಯದನ್ನೇ ಮಾಡಿಲ್ಲ. ಕಥೆಯಲ್ಲಿ ನಾವು ಯಾರು ಎಂಬುದನ್ನು ತಪ್ಪಾಗಿ ಹಿಡಿದರೆ ಅನಾಹುತ. ಹಳ್ಳಿಗೆ ಹೋಗುವ ಮುಂಚೆ ಯೆರಿಕೋವಿನ ಗೋಡೆ ಬೀಳಲಿ, ಈ ಕಾನಾನ್ ನಮಗೆ ಸ್ವಾಧೀನವಾಗಲಿ ಎಂದು ಪ್ರಾರ್ಥಿಸುವ ತಂಡಗಳನ್ನು ಕಂಡಿದ್ದೇನೆ. ನೆರೆಯವರ ಮನೆ ಶತ್ರುವಿನ ಕೋಟೆಯಲ್ಲ. ಇಸ್ರಾಯೇಲ್ಯರು ಕಾನಾನ್ ದೇಶವನ್ನು ಗೆದ್ದ ಕಥೆ ಹೇಳುವ ಯೆಹೋಶುವನ ಪುಸ್ತಕ ನಮಗೆ ಕೊಟ್ಟ ಅಧಿಕಾರಪತ್ರ ಅಲ್ಲ. ಅದೇ ಪುಸ್ತಕದಲ್ಲಿ ಬರುವ ಯೆರಿಕೋವಿನ ಹೆಂಗಸು ರಾಹಾಬಳೂ ಯೇಸುವಿನ ವಂಶಾವಳಿಯಲ್ಲಿ ಇದ್ದಾಳೆ. ಕಥೆಯ ನಾಯಕ ಗೆತ್ಸೇಮನೆಯಲ್ಲಿ ಕತ್ತಿಯನ್ನು ಒರೆಗೆ ಸೇರಿಸು ಎಂದವನು. ಹಾಗೆಯೇ ಯೋಬ, ಪ್ರಸಂಗಿ, ಅಳುವ ಕೀರ್ತನೆಗಳು, ಇವನ್ನು ಕಥೆಯ ಓಟಕ್ಕೆ ಬಗ್ಗಿಸಲು ಹೋಗಬೇಡಿ. ಉತ್ತರ ಸಿಗದ ನೋವಿಗೂ ದೇವರು ತನ್ನ ಪುಸ್ತಕದಲ್ಲಿ ಜಾಗ ಇಟ್ಟಿದ್ದಾನೆ.

ಇದಕ್ಕಿಂತ ನೋವಿನ ವಿಷಯ ಜಾತಿ. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯ ಜನರ ಪಾಲು ಅತಿ ಹೆಚ್ಚಿರುವ ಜಿಲ್ಲೆ ಕೋಲಾರ. ನಮ್ಮ ಸಭೆಗಳಲ್ಲಿಯೂ ಹೆಚ್ಚಿನವರು ಆ ನೋವು ತಿಂದ ಮನೆಗಳಿಂದ ಬಂದವರು. ಆದರೂ ನಾನು ಕೆಲಸ ಮಾಡಿದ ಒಂದು ಸಭೆಯಲ್ಲಿ ಕರ್ತನ ಮೇಜಿನ ಪಾತ್ರೆಯಲ್ಲಿ ಯಾರು ಮೊದಲು ಕುಡಿಯಬೇಕು ಎಂಬುದಕ್ಕೆ ಮುಸುಕಿನ ಜಗಳ ನಡೆಯುತ್ತಿತ್ತು. ಕಾರಣ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ. ನಾನೂ ಎರಡು ವರ್ಷ ಬಾಯಿ ಬಿಡಲಿಲ್ಲ. ಅಂತಿಯೋಕ್ಯದಲ್ಲಿ ಪೇತ್ರನು ಅನ್ಯಜನರೊಂದಿಗೆ ಕೂತು ಉಣ್ಣುತ್ತಿದ್ದವನು ಯೆರೂಸಲೇಮಿನವರು ಬಂದಾಗ ಎದ್ದುಹೋದ. ಸುವಾರ್ತೆಯ ಸತ್ಯಕ್ಕೆ ಸರಿಯಾಗಿ ನಡೆಯುತ್ತಿಲ್ಲ ಎಂದು ಪೌಲ ಎಲ್ಲರೆದುರು ಅವನನ್ನು ಗದರಿಸಿದ, ಗಲಾತ್ಯ 2. ಊಟದ ಪಂಕ್ತಿಗೆ ಇಷ್ಟು ದೊಡ್ಡ ಮಾತು ಯಾಕೆ? ಅಬ್ರಹಾಮನಿಗೆ ಎಲ್ಲ ಕುಲಗಳೂ ಎಂದು ಕೊಟ್ಟ ಮಾತು ನೆರವೇರಿತೋ ಇಲ್ಲವೋ ಎಂದು ಕಣ್ಣಿಗೆ ಕಾಣುವ ಜಾಗ ಅದೊಂದೇ. ನಿಮ್ಮ ತಂಡ ಹಳ್ಳಿಯಲ್ಲಿ ಏನೇ ಸಾರಲಿ, ಹಳ್ಳಿಯವರು ಭಾನುವಾರ ನಿಮ್ಮ ಪಂಕ್ತಿಯನ್ನು ನೋಡುತ್ತಾರೆ.

ಇನ್ನು ಶನಿವಾರದ ಮಾತು. ಮೊದಲು ನಿಮ್ಮ ತಂಡವೇ ಕಥೆಯನ್ನು ಕಲಿಯಲಿ, ಇದಕ್ಕೆ ಅವಸರ ಬೇಡ. ಮೂರು ತಿಂಗಳು ವಾರಕ್ಕೊಂದು ಸಂಜೆ ಕೂತು ಆದಿಕಾಂಡ 1ರಿಂದ 12, ವಿಮೋಚನಕಾಂಡ 1ರಿಂದ 20, ರೂತ್, ಯೆರೆಮೀಯ 29, ಯೆಶಾಯ 49, ಲೂಕ ಪೂರ್ತಿ, ಅಪೊಸ್ತಲರ ಕೃತ್ಯಗಳು, ಪ್ರಕಟನೆಯ ಕೊನೆಯ ಎರಡು ಅಧ್ಯಾಯ, ಇಷ್ಟನ್ನು ಗಟ್ಟಿಯಾಗಿ ಓದಿ. ವ್ಯಾಖ್ಯಾನ ಪುಸ್ತಕ ಪಕ್ಕಕ್ಕಿರಲಿ. ಓದಿದ ಮೇಲೆ ಪುಸ್ತಕ ಮುಚ್ಚಿ ಒಬ್ಬರು ತಮ್ಮ ಮಾತಿನಲ್ಲಿ ಇಡೀ ಕಥೆಯನ್ನು ಹತ್ತು ನಿಮಿಷದಲ್ಲಿ ಹೇಳಲಿ, ಮಿಕ್ಕವರು ಬಿಟ್ಟದ್ದನ್ನು ಸೇರಿಸಲಿ. ನಿಮ್ಮ ಸಂಡೇ ಸ್ಕೂಲಿನ ಮಕ್ಕಳಿಗೆ ದಾವೀದನ ಕವಣೆ ಹೇಳುವಾಗಲೂ ಇವನು ಯಾರ ಮರಿಮೊಮ್ಮಗ ಎಂದು ಒಂದು ಮಾತು ಕೇಳಿ, ರೂತಳಿಗೆ ಹಿಂದಿರುಗಿ.

ಹಳ್ಳಿಯಲ್ಲಿ ಹತ್ತು ಊರು ಮುಟ್ಟುವ ಬದಲು ಒಂದೇ ಊರಿಗೆ ಹತ್ತು ಸಲ ಹೋಗಿ. ಮೊದಲ ಎರಡು ಮೂರು ಸಲ ಕೇಳಿಸಿಕೊಳ್ಳಿ. ಬೋರ್‌ವೆಲ್ ಬತ್ತಿದ್ದು, ಮಗ ಬೆಂಗಳೂರಿಗೆ ಹೋಗಿ ಫೋನ್ ಮಾಡದಿರುವುದು, ಸ್ವಸಹಾಯ ಸಂಘದ ಕಂತು, ಅವರು ಹೇಳುವ ಯಾವುದಕ್ಕೂ ಈ ಕಥೆಯಲ್ಲಿ ಒಂದು ಬಾಗಿಲು ಇದ್ದೇ ಇದೆ. ಆ ಬಾಗಿಲಿನಿಂದ ಹೇಳಿ. ಯಾರಾದರೂ ಬೇಡ ಎಂದರೆ ಕೈಮುಗಿದು ಎದ್ದು ಬನ್ನಿ, ಮುಂದಿನ ವಾರವೂ ಅದೇ ಗೌರವದಿಂದ ನಮಸ್ಕಾರ ಹೇಳಿ. ಯಾರಾದರೂ ಯೇಸುವನ್ನು ಹಿಂಬಾಲಿಸಬೇಕು ಎಂದರೆ ಅವಸರಪಡಿಸಬೇಡಿ. ಅವರಿಗೂ ಇಡೀ ಕಥೆ ಓದಿಸಿ, ಅವರ ಮನೆಯವರ ಜೊತೆ ಕೂತು ಮಾತಾಡಿ.

ಕರಪತ್ರವನ್ನು ಪೂರ್ತಿ ಬಿಡಿ ಎನ್ನಲಾರೆ, ಓದುವವರಿಗೆ ಅದು ಬೇಕಾಗಬಹುದು. ಆದರೆ ನಾನು ಆ ಮಧುಗಿರಿಯ ಹಳ್ಳಿಗೆ ಆರು ವರ್ಷದ ಮೇಲೆ ಮತ್ತೆ ಹೋದಾಗ ಅಜ್ಜಿ ಇರಲಿಲ್ಲ. ಅವರ ಸೊಸೆ ನನ್ನನ್ನು ಗುರುತಿಸಿ ಕುಡಿಯಲು ನೀರು ಕೊಟ್ಟರು. ಅದೇ ಜಗಲಿಯ ಮೇಲೆ ಕೂತು, ಈ ಸಲ ಮಣ್ಣಿನಿಂದ ಮನುಷ್ಯನನ್ನು ಮಾಡಿದ ದೇವರಿಂದ ಶುರು ಮಾಡಿದೆ. ಆಕೆ ಮೊರ ಪಕ್ಕಕ್ಕಿಟ್ಟು, "ಹೂಂ, ಆಮೇಲೆ?" ಎಂದರು.